ಲಕೋಟೆಯೊಳಗಿನ ಎರಡನೆಯ ಹಾಳೆ

ಸೆಪ್ಟೆಂಬರ್ 6

ಮೇಷ್ಟ್ರಿಗೆ ನಮಸ್ಕಾರಗಳು.

ಕಾಗದದ ಮೊದಲ ಸಾಲಿನಲ್ಲಿ ‘ಕ್ಷೇಮ’ ಎಂದು ಬರೆಯಬೇಕು. ನಾನು ಮುಕ್ಕಾಲು ಪಾಲು ಕ್ಷೇಮ. ಉಳಿದ ಕಾಲು ಪಾಲನ್ನು ಹಂತಹಂತವಾಗಿ ತೋರಿಸುತ್ತೇನೆ. ಹಂತ ಬಿಟ್ಟರೆ ನೀವು ಸೊನ್ನೆ ಹಾಕುವವರು. ಇಡೀ ಶಾಲೆ ನಿಮ್ಮನ್ನು ‘ಸೊನ್ನೆ ಮೇಷ್ಟ್ರು’ ಎಂದು ಕರೆಯುವುದು ಸುಮ್ಮನೆ ಅಲ್ಲ. ಇಷ್ಟು ದೂರ ಬಂದ ಮೇಲೆ ಇದನ್ನು ಧೈರ್ಯವಾಗಿ ಬರೆಯಬಹುದು ಅಂದುಕೊಂಡಿದ್ದೇನೆ.

ನಾನು ಈ ಪರದೇಶಕ್ಕೆ ಬಂದು ಐದು ವಾರವಾಯಿತು. ಅಮ್ಮ ಎರಡು ವರ್ಷದಿಂದ ಕೆಲಸ ಮಾಡುತ್ತಿರುವ ಲಾಂಡ್ರಿಯ ಮೇಲೆ ಎರಡು ಕೋಣೆ, ಅದೇ ನಮ್ಮ ಬಿಡಾರ. ಕೆಳಗೆ ಒಗೆಯುವ ಯಂತ್ರಗಳು ತಿರುಗುವಾಗ ಮೇಜಿನ ಮೇಲಿಟ್ಟ ಲೋಟ ತಾನಾಗಿಯೇ ಅಂಚಿನ ಕಡೆ ನಡೆಯುತ್ತದೆ. ಅಮ್ಮನಿಗೆ ಅಂಗಿಗಳ ಕಾಲರಿಗೆ ಇಸ್ತ್ರಿ ಹಾಕುವ ಕೆಲಸ. ತೋಳು ಇನ್ನೊಬ್ಬರದ್ದು, ಬೆನ್ನು ಮತ್ತೊಬ್ಬರದ್ದು. ‘ಎರಡು ವರ್ಷ ಆಯ್ತು, ಒಂದು ಪೂರ್ತಿ ಅಂಗಿ ಇಸ್ತ್ರಿ ಮಾಡಿಲ್ಲ ಕಣೇ ನಾನು’ ಎಂದು ನಗುತ್ತಾಳೆ. ಶಾಲೆಯಲ್ಲಿ ನಾನು ಮಾತಾಡುವುದೇ ಕಡಿಮೆ. ನೀವು ನನಗೆ ಚಿನಕುರುಳಿ ಎಂದು ಹೆಸರಿಟ್ಟಿದ್ದಿರಿ ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಈಗ ವಿಷಯ. ಇದು ನನ್ನ ಶಾಲೆಯ ಕೊನೆಯ ವರ್ಷ. ಇಲ್ಲಿ ಕಾಲೇಜಿಗೆ ಸೇರಲು ಅಂಕಪಟ್ಟಿಯೊಂದೇ ಸಾಲದು. ನಾನು ಎಂಥವಳು ಎಂದು ಪ್ರಬಂಧ ಬರೆಯಬೇಕು, ಪಾಠ ಬಿಟ್ಟು ಬೇರೇನು ಮಾಡಿದ್ದೇನೆ ಎಂದು ಪಟ್ಟಿ ಕೊಡಬೇಕು, ಇಬ್ಬರು ಶಿಕ್ಷಕರು ನನ್ನ ಬಗ್ಗೆ ಪತ್ರ ಬರೆಯಬೇಕು. ಇದನ್ನೆಲ್ಲ ನೋಡಿಕೊಳ್ಳಲು ಶಾಲೆಯಲ್ಲಿ ಒಬ್ಬರು ಕೌನ್ಸೆಲರ್ ಮೇಡಂ ಇದ್ದಾರೆ. ‘ಐದು ವಾರದಿಂದ ನೋಡಿದವರು ಏನು ಬರೀತಾರೆ? ನಿನ್ನನ್ನ ವರ್ಷಗಟ್ಟಲೆ ಬಲ್ಲವರು ಯಾರಿದ್ದಾರೆ?’ ಎಂದು ಕೇಳಿದರು. ನನ್ನ ಬಾಯಲ್ಲಿ ಬಂದದ್ದು ನಿಮ್ಮ ಹೆಸರು.

ಒಂದು ಕಾಲೇಜಿದೆ, ಮೇಷ್ಟ್ರೇ. ಹೊರಗಿನಿಂದ ಬಂದ ಹನ್ನೆರಡು ಮಕ್ಕಳಿಗೆ ಪ್ರತಿ ವರ್ಷ ಪೂರ್ತಿ ಉಚಿತ ಸೀಟು ಕೊಡುತ್ತದೆ. ಸಿಕ್ಕರೆ ಗಣಿತ ಓದುತ್ತೇನೆ. ಸಿಗದಿದ್ದರೆ ಅಮ್ಮನ ಪಕ್ಕದ ಇಸ್ತ್ರಿ ಮೇಜು ಖಾಲಿ ಇದೆ, ಲಾಂಡ್ರಿಯ ಮಾಲೀಕ ಆಗಲೇ ನನ್ನ ಎತ್ತರ ನೋಡಿಟ್ಟುಕೊಂಡಿದ್ದಾನೆ. ಪತ್ರ ಇಲ್ಲಿಯವರ ಭಾಷೆಯಲ್ಲಿ, ಡಿಸೆಂಬರಿನೊಳಗೆ ಬೇಕು. ಫೋನಿನಲ್ಲಿ ಕೇಳೋಣವೆಂದರೆ ನೀವು ಕಿವಿಗೆ ಹಿಡಿದ ತಕ್ಷಣ ‘ಸರಿ, ಇಡ್ತೀನಿ’ ಎನ್ನುತ್ತೀರಿ. ಅದಕ್ಕೇ ಈ ಕಾಗದ. ಬರೆದುಕೊಡುತ್ತೀರಲ್ಲ?

ನಿಮ್ಮ ಚಿನಕುರುಳಿ


ಸೆಪ್ಟೆಂಬರ್ 27

ಚಿನಕುರುಳಿ,

ಕಾಗದ ಬಂತು. ಎರಡು ಕಡೆ ಒತ್ತಕ್ಷರ ತಪ್ಪಿದ್ದೀಯ, ತಿದ್ದಿ ಇಟ್ಟಿದ್ದೇನೆ. ‘ಸೊನ್ನೆ ಮೇಷ್ಟ್ರು’ ಎಂಬ ಬಿರುದು ನಿಮ್ಮ ತಂಡದ್ದಲ್ಲ, ನಿನಗಿಂತ ಇಪ್ಪತ್ತು ವರ್ಷ ಹಿಂದಿನವರದ್ದು. ಸುಮ್ಮನೆ ಹೆಮ್ಮೆ ಪಡಬೇಡ.

ಇಲ್ಲಿ ಎಲ್ಲ ಹಾಗೇ ಇದೆ. ವಯಸ್ಸಿನ ಲೆಕ್ಕದಲ್ಲಿ ನಾನು ಜೂನಿನಲ್ಲೇ ಮನೆಗೆ ಹೋಗಬೇಕಿತ್ತು. ಗಣಿತಕ್ಕೆ ಬೇರೆ ಯಾರೂ ಸಿಗಲಿಲ್ಲವೆಂದು ಹೊಸ ಹೆಡ್‌ಮಾಸ್ಟರು ಡಿಸೆಂಬರಿನವರೆಗೆ ಮುಂದುವರಿಸಿದ್ದಾರೆ. ಆಮೇಲೆ ಮತ್ತೆ ನೋಡುತ್ತಾರಂತೆ. ನಮ್ಮಕ್ಕ ದೇವರಿಗೆ ಹರಕೆ ಹೊರುವುದೊಂದು ಬಾಕಿ. ‘ನೀನು ಮನೇಲಿ ಕೂತ್ರೆ ನನ್ ತಲೆ ತಿಂತೀಯ, ಉಸಿರಿರೋ ತನಕ ಪಾಠ ಮಾಡು’ ಎನ್ನುತ್ತಾಳೆ. ನನಗೂ ಅದೇ ಆಸೆ ಎಂದು ಅವಳಿಗೆ ಹೇಳಿಲ್ಲ. ಈ ಸಲದ ಹತ್ತನೆಯ ತರಗತಿ ಚೆನ್ನಾಗಿದೆ, ಅವರನ್ನು ಪರೀಕ್ಷೆ ದಾಟಿಸಿಬಿಟ್ಟರೆ ಸಾಕು.

ನಿನ್ನ ಪತ್ರದ ವಿಷಯ. ಆ ಭಾಷೆಯಲ್ಲಿ ನಾನು ಪ್ರಮೇಯ ಬರೆಯಬಲ್ಲೆ, ಒಬ್ಬ ಮನುಷ್ಯನನ್ನು ಬರೆಯಲಾರೆ. ನೀನೇ ಬರೆದು ಕಳಿಸು, ಸಹಿ ಹಾಕುತ್ತೇನೆ. ಇದೇನು ಹೊಸದಲ್ಲ. ಮೂವತ್ತೊಂದು ವರ್ಷದಿಂದ ನಡತೆಯ ಪತ್ರ ಬೇಕೆಂದು ಬಂದವರೆಲ್ಲ ತಾವೇ ಬರೆದುಕೊಂಡು ಬಂದಿದ್ದಾರೆ, ನಾನು ಕಣ್ಣಾಡಿಸಿ ಸಹಿ ಮಾಡಿದ್ದೇನೆ. ಅವರಲ್ಲಿ ಇಬ್ಬರು ಈಗ ನಮ್ಮ ಶಾಲೆಯಲ್ಲೇ ಪಾಠ ಮಾಡುತ್ತಾರೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಲೋಟವನ್ನು ಮೇಜಿನ ಮಧ್ಯಕ್ಕೆ ಇಡು.

ನಿನ್ನ ಮೇಷ್ಟ್ರು


ಅಕ್ಟೋಬರ್ 18

ಮೇಷ್ಟ್ರಿಗೆ ನಮಸ್ಕಾರಗಳು.

ಬರೆದಿದ್ದೇನೆ. ಇದರ ಜೊತೆಗೇ ಇದೆ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದಕ್ಕೆ ಕೈ ಎಷ್ಟು ಉದ್ದ ಬೇಕು ಎಂದು ಈಗ ಗೊತ್ತಾಯಿತು. ‘ಮೂವತ್ತು ವರ್ಷಗಳಲ್ಲಿ ಇಂಥ ವಿದ್ಯಾರ್ಥಿನಿಯನ್ನು ನಾನು ಕಂಡಿಲ್ಲ’ ಎಂದು ಬರೆಯುವಾಗ ನಾಚಿಕೆಯಾಗಿ ಕಿಟಕಿ ಮುಚ್ಚಿಕೊಂಡೆ. ಇಲ್ಲಿಯವರು ಇಂಟರ್ನೆಟ್ಟಿನಲ್ಲಿ ಮಾದರಿ ಪತ್ರಗಳನ್ನು ಹಾಕುತ್ತಾರೆ, ನೋಡಬೇಕು ನೀವು. ಎಲ್ಲ ಮಕ್ಕಳೂ ಅಪರೂಪದವರು, ಎಲ್ಲರೂ ಲೋಕ ಬದಲಾಯಿಸುವವರು. ‘ಚೆನ್ನಾಗಿ ಓದುತ್ತಾಳೆ’ ಎಂದು ಬರೆದರೆ ಏನೋ ದೋಷ ಮುಚ್ಚಿಡುತ್ತಿದ್ದಾರೆ ಎಂದು ಓದಿಕೊಳ್ಳುತ್ತಾರಂತೆ.

ನಿಮಗೆ ಜ್ವರ ಬಂದಾಗ ನಾನು ಚಿಕ್ಕ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಟ್ಟದ್ದನ್ನೂ ಸೇರಿಸಿದ್ದೇನೆ. ಸ್ವಲ್ಪ ದೊಡ್ಡದು ಮಾಡಿದ್ದೇನೆ. ನನ್ನ ಪ್ರಬಂಧವೂ ಅದರ ಮೇಲೆಯೇ.

ಪತ್ರಕ್ಕೆ ಸಹಿ ಹಾಕಿ, ಶಾಲೆಯ ಮೊಹರು ಒತ್ತಿ, ಲಕೋಟೆ ಅಂಟಿಸಿ, ಅಂಟಿಸಿದ ಜಾಗದ ಮೇಲೂ ಒಂದು ಸಹಿ ಮಾಡಿ ನೇರವಾಗಿ ಕೌನ್ಸೆಲರ್ ಮೇಡಮ್ಮಿಗೆ ಕಳಿಸಬೇಕು. ವಿಳಾಸ ಹಿಂದೆ ಇದೆ. ನಾನು ಬರೆದದ್ದೆಂದು ಯಾರಿಗೂ ಹೇಳಬೇಡಿ, ದಯವಿಟ್ಟು. ಇಲ್ಲಿಯವರಿಗೆ ನಮ್ಮ ಕಡೆಯ ಪದ್ಧತಿ ಅರ್ಥವಾಗುವುದಿಲ್ಲ.

ಚಿನಕುರುಳಿ


ನವೆಂಬರ್ 6

ಚಿನಕುರುಳಿ,

ನಿನ್ನ ಪತ್ರವನ್ನು ನಿಘಂಟು ಹಿಡಿದು ಮೂರು ದಿನ ಓದಿದೆ. ಇದರಲ್ಲಿರುವ ಹುಡುಗಿ ಬಹಳ ದೊಡ್ಡವಳು. ನನಗೆ ಪರಿಚಯವಿಲ್ಲ, ಎಂದಾದರೂ ಕರೆದುಕೊಂಡು ಬಾ. ಅಕ್ಕನಿಗೆ ಅರ್ಥ ಹೇಳಿದೆ. ‘ಗಂಡಿನ ಕಡೆಯವ್ರಿಗೆ ತೋರ್ಸೋಕೆ ಬರ್ದಂಗಿದೆ’ ಎಂದಳು.

ಸಹಿ ಹಾಕಿದ್ದೇನೆ, ಹಾಕುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ. ಹೊಗಳಿಕೆಗೆಲ್ಲ ಕಣ್ಣು ಮುಚ್ಚಿಕೊಂಡೆ, ಹೆತ್ತವರಿಗೆ ಹೆಗ್ಗಣ ಮುದ್ದು, ಮೇಷ್ಟ್ರಿಗೂ ಇರಲಿ. ಆದರೆ ಒಂದು ಕಡೆ ಕೆಂಪು ಶಾಯಿ ಹತ್ತಿತು. ‘ನಲವತ್ತು ಮಕ್ಕಳ ಮುಂದೆ ನಿಂತು ಹಳೆಯ ದಿನಪತ್ರಿಕೆ ಮಡಿಸಿ ಭಿನ್ನರಾಶಿ ಕಲಿಸಿದಳು’ ಎಂದು ಬರೆದಿದ್ದೀಯ. ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವವಳು ನೀನಲ್ಲ. ಅವರು ಆರು ಜನ, ನಾಲ್ಕು ದಿನ. ನಲವತ್ತನ್ನು ಹೊಡೆದು ಆರು ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದ್ದೇನೆ. ಗಣಿತದ ಮೇಷ್ಟ್ರು ಸುಳ್ಳು ಸಂಖ್ಯೆಗೆ ಸಹಿ ಹಾಕಿದರೆ ಇನ್ನೇನು ಉಳಿಯಿತು?

ಇನ್ನೊಂದು. ‘ಯಾರಿಗೂ ಹೇಳಬೇಡಿ’ ಎಂದಿದ್ದೀಯ. ಆ ಸಾಲನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ಇಲ್ಲಿ ಇಂಥ ಪತ್ರಗಳನ್ನು ನಾವು ಯಾರಿಂದಲೂ ಮುಚ್ಚಿಟ್ಟವರಲ್ಲ. ಅಲ್ಲಿ ಮುಚ್ಚಿಡಬೇಕಾದದ್ದಾದರೆ ನಾನೇ ಬರೆಯಬೇಕಾಗಿತ್ತು. ಅದಕ್ಕೆ ನನ್ನದೂ ಒಂದು ಹಾಳೆಯನ್ನು ನಮ್ಮ ಭಾಷೆಯಲ್ಲಿ, ನನ್ನ ಕೈಬರಹದಲ್ಲಿ ಬರೆದು, ನಿನ್ನದರ ಹಿಂದೆ ಇಟ್ಟು ಲಕೋಟೆ ಅಂಟಿಸಿದ್ದೇನೆ. ಆ ಮೇಡಂ ಯಾರ ಕೈಯಲ್ಲಾದರೂ ಓದಿಸಿಕೊಳ್ಳಲಿ. ಅದರಲ್ಲಿ ಏನಿದೆ ಎಂದು ನಿನಗೆ ಹೇಳುವುದಿಲ್ಲ. ಎದುರಿಗೆ ಹೊಗಳಿದರೆ ಮಕ್ಕಳು ಹಾಳಾಗುತ್ತಾರೆ.

ನಿನ್ನ ಮೇಷ್ಟ್ರು


ನವೆಂಬರ್ 30

ಮೇಷ್ಟ್ರಿಗೆ ನಮಸ್ಕಾರಗಳು.

ಲಕೋಟೆ ತಲುಪಿತು. ಎಲ್ಲ ಸರಿಯಾಗಿದೆ. ಮೇಡಂ ಒಂದೆರಡು ಸಣ್ಣ ಪ್ರಶ್ನೆ ಕೇಳಿದರು, ಉತ್ತರ ಹೇಳಿದೆ. ಅವರಿಗೆ ಎಲ್ಲದಕ್ಕೂ ಕಡತ ತುಂಬಬೇಕು. ನಿಮ್ಮ ಶಾಲೆಗೂ ಏನಾದರೂ ಬರೆಯಬಹುದು, ಬರೆಯದೆಯೂ ಇರಬಹುದು. ಬಂದರೆ ತಲೆ ಕೆಡಿಸಿಕೊಳ್ಳಬೇಡಿ.

ನಿಮಗೆ ಈಗ ಮಂಡಿನೋವು ಹೇಗಿದೆ? ಹೆಡ್‌ಮಾಸ್ಟರು ಒಳ್ಳೆಯವರಾ? ನಿಮ್ಮನ್ನು ಮುಂದುವರಿಸುತ್ತಾರಲ್ಲ?

ಇಲ್ಲಿ ತುಂಬ ಚಳಿ. ಲಾಂಡ್ರಿಯ ಬಿಸಿ ನೆಲದ ಮೂಲಕ ಮೇಲೆ ಬರುತ್ತದೆ, ನಾವು ಹೀಟರಿನ ಬದಲು ನೆಲದ ಮೇಲೆಯೇ ಕೂರುತ್ತೇವೆ. ಹೆಚ್ಚು ಬರೆಯಲು ಸಮಯವಿಲ್ಲ, ಪ್ರಬಂಧವನ್ನು ತಿದ್ದುವುದಿದೆ.

ಚಿನಕುರುಳಿ


ಡಿಸೆಂಬರ್ 12

ಚಿನಕುರುಳಿ,

ಮಂಡಿ ಪರವಾಗಿಲ್ಲ. ಹೆಡ್‌ಮಾಸ್ಟರು ಒಳ್ಳೆಯವರೇ. ಈಚೆಗೆ ನನಗೆ ಬೆಳಿಗ್ಗೆ ಹೊತ್ತು ಆತುರವಿಲ್ಲ, ಎರಡನೆಯ ಲೋಟ ಟೀ ಕುಡಿಯುತ್ತೇನೆ. ಅಕ್ಕನಿಗೆ ಅದೇ ಒಂದು ದೂರು.

ಒಂದು ಕೇಳಬೇಕಿತ್ತು. ನಾನಿಟ್ಟ ಎರಡನೆಯ ಹಾಳೆಯನ್ನು ನಿಮ್ಮ ಮೇಡಂ ಯಾರಿಂದಲಾದರೂ ಓದಿಸಿಕೊಂಡರೇ? ಏನೆಂದರು? ಇದ್ದದ್ದು ಇದ್ದ ಹಾಗೆ ಬರಿ. ಏನಿದ್ದರೂ ನಾನು ಕೋಪ ಮಾಡಿಕೊಳ್ಳುವುದಿಲ್ಲ.

ನಿನ್ನ ಮೇಷ್ಟ್ರು


ಜನವರಿ 4

ಮೇಷ್ಟ್ರಿಗೆ ನಮಸ್ಕಾರಗಳು.

ಅರ್ಜಿ ಕಳಿಸಿದ್ದಾಯಿತು. ಗುಂಡಿ ಒತ್ತುವಾಗ ಅಮ್ಮ ನನ್ನ ಭುಜ ಹಿಡಿದುಕೊಂಡು ನಿಂತಿದ್ದಳು, ಅವಳ ಬೆರಳುಗಳಿಗೆ ಇಸ್ತ್ರಿಯ ವಾಸನೆ.

ನಿಮ್ಮ ಹಾಳೆ ಓದಿಸಿಕೊಂಡರು, ಮೇಷ್ಟ್ರೇ. ನಾನೇ ಅರ್ಥ ಹೇಳಿದೆ. ಮೇಡಮ್ಮಿಗೆ ಬಹಳ ಇಷ್ಟವಾಯಿತು. ‘ಇಂಥ ಮೇಷ್ಟ್ರು ಸಿಗೋದಕ್ಕೆ ಪುಣ್ಯ ಬೇಕು’ ಎಂದರು. ಕಾಲೇಜಿಗೂ ಕಳಿಸಿದ್ದಾರೆ.

ನೀವು ಎರಡನೆಯ ಲೋಟ ಟೀ ಕುಡಿಯುತ್ತೀರಿ ಎಂದು ಓದಿ ಖುಷಿಯಾಯಿತು. ಅಂತೂ ಮೊದಲ ಪೀರಿಯಡ್ಡನ್ನು ಬೇರೆಯವರಿಗೆ ಕೊಟ್ಟಿರಬೇಕು. ಅಷ್ಟಾದರೂ ವಿಶ್ರಾಂತಿ ಬೇಕೇ ಬೇಕು ನಿಮಗೆ.

ಚಿನಕುರುಳಿ


ಜನವರಿ 29

ಕಾಗದ ತಲುಪಿತು. ಚೆನ್ನಾಗಿ ಓದು. ಅಮ್ಮನನ್ನು ನೋಡಿಕೊ.

ಮೇಷ್ಟ್ರು


ಏಪ್ರಿಲ್ 3

ಮೇಷ್ಟ್ರೇ! ಮೇಷ್ಟ್ರೇ! ಸಿಕ್ಕಿತು!

ಹನ್ನೆರಡು ಜನರಲ್ಲಿ ನಾನೊಬ್ಬಳು. ಪೂರ್ತಿ ಉಚಿತ, ವಾಸಕ್ಕೆ ಕೋಣೆಯೂ ಅವರದ್ದೇ. ಸುದ್ದಿ ಬಂದಾಗ ನಾನು ಶಾಲೆಯ ಮೆಟ್ಟಿಲ ಮೇಲಿದ್ದೆ. ಅಲ್ಲಿಂದ ಲಾಂಡ್ರಿಯವರೆಗೆ ಓಡಿದೆ. ಅಮ್ಮ ಇಸ್ತ್ರಿಯನ್ನು ಕಾಲರಿನ ಮೇಲೆಯೇ ಮರೆತು ನನ್ನನ್ನು ತಬ್ಬಿಕೊಂಡಳು. ಕಾಲರು ಸುಟ್ಟಿತು. ಮಾಲೀಕ ‘ಪಕ್ಕದ ಮೇಜಿಗೆ ಬೇರೆ ಯಾರನ್ನಾದ್ರೂ ನೋಡ್ಬೇಕಲ್ಲ’ ಎಂದು ಗೊಣಗಿ ಒಳಗೆ ಹೋದ.

ಇದು ನಿಮ್ಮ ಪತ್ರದ ಪುಣ್ಯ, ಮೇಷ್ಟ್ರೇ. ನೀವೇಕೆ ಎರಡೇ ಸಾಲು ಬರೆದಿರಿ? ಹತ್ತನೆಯ ತರಗತಿಯ ಪರೀಕ್ಷೆಯ ಗಡಿಬಿಡಿ ಇರಬೇಕು. ಮುಗಿದ ಮೇಲೆ ಉದ್ದದ ಕಾಗದ ಬರೆಯಿರಿ. ಒತ್ತಕ್ಷರ ತಪ್ಪಿದ್ದರೆ ಬೈಯಿರಿ. ಏನಾದರೂ ಬರೆಯಿರಿ.

ಚಿನಕುರುಳಿ


ಜೂನ್ 15

ಮೇಷ್ಟ್ರಿಗೆ,

ನಮಸ್ಕಾರ ಎಂದು ಬರೆಯಲು ಕೈ ಬರಲಿಲ್ಲ.

ಎರಡು ತಿಂಗಳು ನಿಮ್ಮ ಉತ್ತರಕ್ಕೆ ಕಾದೆ. ಮೊನ್ನೆ, ನಿಮ್ಮ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಗೆ ಫೋನ್ ಮಾಡಿ ನಿಮ್ಮ ವಿಷಯ ಕೇಳಿದೆ. ‘ನಿಂಗೊತ್ತಿಲ್ವಾ? ಮೇಷ್ಟ್ರನ್ನ ಡಿಸೆಂಬರಲ್ಲೇ ಮನೆಗೆ ಕಳ್ಸಿದ್ರು. ಮರೆವು ಶುರುವಾಗಿದೆಯಂತೆ. ಯಾವ್ದೋ ಕಾಗದದಲ್ಲಿ ಏನೇನೋ ಬರೆದು ಪರದೇಶಕ್ಕೆ ಕಳ್ಸಿಬಿಟ್ರಂತೆ, ಪಾಪ’ ಎಂದಳು. ನಾನು ಫೋನ್ ಇಟ್ಟುಬಿಟ್ಟೆ. ಆ ಮಾತು ಎಲ್ಲಿಂದ ಹೊರಟಿತು ಎಂದು ಲೋಕದಲ್ಲಿ ನನ್ನೊಬ್ಬಳಿಗೇ ಗೊತ್ತು. ಅದು ನನ್ನ ಬಾಯಿಂದ ಹೊರಟದ್ದು.

ಇನ್ನು ಹಂತ ಬಿಡದೆ ಬರೆಯುತ್ತೇನೆ.

ನೀವು ‘ನೀನೇ ಬರಿ’ ಎಂದ ಕಾಗದ ಬರುವ ಮೊದಲೇ ಮೇಡಂ ನನ್ನಿಂದ ಒಂದು ಒಪ್ಪಿಗೆ ಬರೆಸಿಕೊಂಡಿದ್ದರು: ಶಿಕ್ಷಕರ ಪತ್ರವನ್ನು ನಾನು ನೋಡುವುದೂ ಇಲ್ಲ, ಅದರಲ್ಲಿ ಕೈ ಹಾಕುವುದೂ ಇಲ್ಲ ಎಂದು. ತಪ್ಪೆಂದು ನನಗೆ ಮೊದಲೇ ಗೊತ್ತಿತ್ತು. ನಿಮಗೆ ಹೇಳಿದರೆ ನೀವು ಸಹಿ ಹಾಕುವುದಿಲ್ಲ ಎಂದು ಹೇಳಲಿಲ್ಲ.

ಲಕೋಟೆ ಬಂದ ಮೇಲೆ ಮೇಡಂ ಕರೆದರು. ಅವರ ಮೇಜಿನ ಮೇಲೆ ನನ್ನ ಪ್ರಬಂಧ, ನಿಮ್ಮ ಸಹಿ ಇದ್ದ ಪತ್ರ, ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರು. ದಿನಪತ್ರಿಕೆ ಮಡಿಸಿದ ಸಾಲು ಎರಡರಲ್ಲೂ ಒಂದೇ. ಅವಸರದಲ್ಲಿ ನಾನು ಹಾಗೇ ಎತ್ತಿ ಹಾಕಿದ್ದೆ. ಪ್ರಬಂಧದಲ್ಲಿ ಮಕ್ಕಳು ನಲವತ್ತು, ಪತ್ರದಲ್ಲಿ ಕೆಂಪು ಶಾಯಿಯ ಆರು. ‘ಒಂದೇ ವಾಕ್ಯ ಎರಡು ಕಡೆ ಹೇಗೆ ಬಂತು? ಯಾವ ಸಂಖ್ಯೆ ನಿಜ?’ ಎಂದು ಕೇಳಿದರು. ಗದರಲಿಲ್ಲ, ಮೆಲ್ಲಗೇ ಕೇಳಿದರು. ನಿಜ ಹೇಳಲು ಅಷ್ಟು ಒಳ್ಳೆಯ ಗಳಿಗೆ ಮತ್ತೆ ಸಿಗುತ್ತಿರಲಿಲ್ಲ. ನಾನು ಹೇಳಿದ್ದು ಇದು: ‘ನಲವತ್ತೇ ನಿಜ. ನನ್ನ ಪ್ರಬಂಧ ಅವರಿಗೆ ಕಳಿಸಿದ್ದೆ, ಅದನ್ನೇ ನೋಡಿ ಬರ್ಕೊಂಡಿರಬೇಕು. ಮೇಷ್ಟ್ರಿಗೆ ವಯಸ್ಸಾಗಿದೆ. ಈಗೀಗ ಮರೆವು.’

ಆಮೇಲೆ ಅವರು ನಿಮ್ಮ ಎರಡನೆಯ ಹಾಳೆ ತೆಗೆದು, ‘ಇದು ನಿನ್ನ ಭಾಷೆ ಅಲ್ವಾ? ಏನಿದೆ ಇದರಲ್ಲಿ?’ ಎಂದು ನನ್ನ ಕೈಗೇ ಕೊಟ್ಟರು. ನಾನು ನಿಂತುಕೊಂಡೇ ಓದಿದೆ. ಓದಿ ಮುಗಿಸಿ, ‘ಏನಿಲ್ಲ, ಮನೆ ಕಡೆಯ ಸಮಾಚಾರ’ ಎಂದೆ. ‘ಹಾಗಾದ್ರೆ ನಿನ್ನ ಹತ್ರಾನೇ ಇರಲಿ’ ಎಂದರು. ನಿಮ್ಮ ಪತ್ರವನ್ನು ಅವರು ಕಾಲೇಜಿಗೆ ಕಳಿಸಲೇ ಇಲ್ಲ. ಬದಲಿಗೆ ಇಲ್ಲಿಯ ವಿಜ್ಞಾನದ ಮೇಡಂ ಅರ್ಧ ಪುಟ ಬರೆದುಕೊಟ್ಟರು. ಅದರ ಮೇಲೆಯೇ ನನಗೆ ಸೀಟು ಸಿಕ್ಕಿದ್ದು. ಜನವರಿಯಲ್ಲಿ, ಏಪ್ರಿಲ್ಲಿನಲ್ಲಿ ನಾನು ಬರೆದದ್ದೆಲ್ಲ ಸುಳ್ಳು.

ನಿಮ್ಮ ಹಾಳೆ ನನ್ನ ಬಳಿ ಇದೆ. ಬಾಯಿಪಾಠವಾಗಿದೆ. ನೀವು ಬರೆದದ್ದನ್ನು ನಿಮಗೇ ಬರೆಯುತ್ತಿದ್ದೇನೆ, ಓದಿದ್ದೇನೆ ಎಂಬುದಕ್ಕೆ ಬೇರೆ ಸಾಕ್ಷಿ ನನ್ನ ಬಳಿ ಇಲ್ಲ:

‘ಇದನ್ನು ಓದುವವರಿಗೆ. ಇದರ ಮೇಲಿರುವ ಹಾಳೆಯನ್ನು ಹುಡುಗಿಯೇ ಬರೆದಳು, ನಾನು ಹೇಳಿದ್ದಕ್ಕೆ ಬರೆದಳು. ನಿಮ್ಮ ಭಾಷೆ ನನಗೆ ಬಾರದು. ಅದು ನನ್ನ ಕೊರತೆ, ಅವಳ ತಪ್ಪಲ್ಲ. ನನ್ನ ಮಾತು ಇಷ್ಟೇ. ಇವಳು ನನ್ನ ವಿದ್ಯಾರ್ಥಿಗಳಲ್ಲೆಲ್ಲ ಮೊದಲಿನವಳಲ್ಲ, ಇವಳಿಗಿಂತ ಚುರುಕಾದವರು ನಾಲ್ಕು ಜನ ಇದ್ದರು. ಇವಳಿಗೆ ಅವಸರ ಹೆಚ್ಚು. ಒಮ್ಮೆ ಇನ್‌ಸ್ಪೆಕ್ಟರ್ ಬಂದಾಗ ಬೋರ್ಡಿನ ಮೇಲೆ ಒಂದು ಪ್ರಮೇಯ ಮಾಡಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮರುದಿನ ತಾನಾಗಿ ಬಂದು, ಮೂರನೆಯ ಹಂತ ತಪ್ಪಿತ್ತು ಎಂದು ಹೇಳಿ ಎಲ್ಲರೆದುರಿಗೆ ಮತ್ತೆ ಮಾಡಿದಳು. ನಾನೂ ಗಮನಿಸಿರಲಿಲ್ಲ, ಅವಳು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಹೀಗೆ ಮಾಡಿದವಳು ಇವಳೊಬ್ಬಳೇ. ಗಣಿತವನ್ನು ಯಾರಿಗೆ ಬೇಕಾದರೂ ಕಲಿಸಬಹುದು. ಇದನ್ನು ನಾನು ಕಲಿಸಲಿಲ್ಲ, ಬರುವಾಗಲೇ ತಂದಿದ್ದಳು.’

ಇದನ್ನೇ ಅರ್ಥ ಹೇಳಿದ್ದರೆ ಮೇಡಂ ನನ್ನನ್ನು ಕ್ಷಮಿಸುತ್ತಿದ್ದರು, ನಿಮ್ಮ ಪತ್ರವೂ ಕಾಲೇಜಿಗೆ ಹೋಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಕಂಡದ್ದು ಇಸ್ತ್ರಿ ಮೇಜು ಮಾತ್ರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನೀವೇ ಹೇಳುತ್ತಿದ್ದಿರಿ.

ನಿಮ್ಮ ಹೆಡ್‌ಮಾಸ್ಟರಿಗೆ, ಮೇಡಮ್ಮಿಗೆ, ಕಾಲೇಜಿಗೆ ಎಲ್ಲವನ್ನೂ ಬರೆದು ಕಳಿಸಲೇ? ಬರೆದರೆ ಸೀಟು ಹೋಗಬಹುದು. ಅಮ್ಮನಿಗೆ ಇನ್ನೂ ಏನೂ ಗೊತ್ತಿಲ್ಲ. ನೀವು ಬರಿ ಎಂದರೆ ಬರೆಯುತ್ತೇನೆ, ಬೇಡ ಎಂದರೆ ಇಲ್ಲ. ನೀವು ಹೇಳಿದ ಹಾಗೆ.

ನನ್ನನ್ನು ಕ್ಷಮಿಸಿ, ಮೇಷ್ಟ್ರೇ.


ಜುಲೈ 11

ಚಿನಕುರುಳಿ,

ಕಾಗದ ಬಂತು. ಒತ್ತಕ್ಷರ ಎಲ್ಲ ಸರಿ ಇವೆ.

ಅರವತ್ತಕ್ಕೆ ಅರಳು ಮರಳು ಎಂದು ಊರು ಒಪ್ಪಿಕೊಂಡಾಗಿದೆ. ದಾರಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳು ತಮ್ಮ ಹೆಸರನ್ನು ತಾವೇ ಹೇಳಿಕೊಂಡು ಮಾತು ಶುರು ಮಾಡುತ್ತಾರೆ. ಜೋರಾಗಿ ಬೇರೆ ಮಾತಾಡುತ್ತಾರೆ, ಮರೆವಿಗೂ ಕಿವಿಗೂ ಏನು ಸಂಬಂಧವೋ! ಮೊದಮೊದಲು ನಗು ಬರುತ್ತಿತ್ತು. ಈಗ ನನಗೇ ಅನುಮಾನ ಹತ್ತಿ, ಬೆಳಿಗ್ಗೆ ಎದ್ದ ಕೂಡಲೇ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತೇನೆ. ಇಲ್ಲಿಯವರೆಗೆ ತಪ್ಪಿಲ್ಲ. ಹತ್ತನೆಯ ತರಗತಿಯವರಿಗೆ ಹೊಸ ಮೇಷ್ಟ್ರು ಸಿಕ್ಕಿದ್ದು ಫೆಬ್ರವರಿಯಲ್ಲಿ. ಒಂಬತ್ತು ಮಕ್ಕಳು ನಪಾಸಾದರು. ನಾನಿದ್ದಿದ್ದರೆ ಇಬ್ಬರಾಗುತ್ತಿದ್ದರು. ಇದು ಜಂಬವಲ್ಲ, ನನಗೆ ಆ ಮಕ್ಕಳು ಗೊತ್ತು.

ಇದರಲ್ಲಿ ನನ್ನ ಪಾಲೂ ಇದೆ. ಮೂವತ್ತೊಂದು ವರ್ಷ ಕಂಡವರ ಮಾತಿಗೆಲ್ಲ ಸಹಿ ಹಾಕಿದೆ. ನಿನ್ನ ಬಗ್ಗೆ ಬರೆಯಬೇಕಾದಾಗ ಭಾಷೆ ಬಾರದು ಎಂದೆ. ನಿಜ ಹೇಳಬೇಕೆಂದರೆ, ಪರದೇಶದ ಮೇಡಂ ನನ್ನ ತಪ್ಪು ವಾಕ್ಯ ನೋಡಿ ನಕ್ಕಾರು ಎಂಬ ಅಂಜಿಕೆ. ತಪ್ಪಾದರೂ ನಾನೇ ನಾಲ್ಕು ಸಾಲು ಬರೆದಿದ್ದರೆ ಇದು ಇಲ್ಲಿಗೆ ಬರುತ್ತಿರಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಹಂತ ಇದೆ. ಡಿಸೆಂಬರ್ ಮೊದಲ ವಾರ ಹೆಡ್‌ಮಾಸ್ಟರು ಕರೆದು ನಿಮ್ಮ ಮೇಡಮ್ಮಿನ ಪತ್ರ ಓದಿ ಹೇಳಿದರು. ನನ್ನ ಮರೆವಿನ ಬಗ್ಗೆ ಬಹಳ ಮರ್ಯಾದೆಯಿಂದ ಬರೆದಿದ್ದರು. ನಾನು, ‘ಅದೇ ಲಕೋಟೇಲಿ ನನ್ನ ಕೈಯಾರೆ ಬರೆದ ಹಾಳೆ ಇದೆ, ಎಲ್ಲ ಅದರಲ್ಲಿದೆ, ತರಿಸಿ ನೋಡಿ’ ಎಂದೆ. ಅವರು ಅಲ್ಲಿಗೆ ಇಮೇಲಿನಲ್ಲಿ ಕೇಳಿ ಬರೆದರು. ನಾಲ್ಕು ದಿನದಲ್ಲಿ ಉತ್ತರ ಬಂತು. ಹುಡುಗಿ ಓದಿ ಹೇಳಿದ್ದಾಳೆ, ಅದರಲ್ಲಿ ಮನೆಯ ಸಮಾಚಾರ ಬಿಟ್ಟು ಬೇರೇನೂ ಇಲ್ಲ ಎಂದು. ಹೆಡ್‌ಮಾಸ್ಟರು ಕನ್ನಡಕ ತೆಗೆದು, ‘ಹೌದಾ ಮೇಷ್ಟ್ರೇ? ಮನೆ ಸಮಾಚಾರಾನಾ?’ ಎಂದು ಕೇಳಿದರು.

ಇಲ್ಲ ಎಂದರೆ ನಿನ್ನ ಅರ್ಜಿ ಅಲ್ಲಿಗೆ ಮುಗಿಯುತ್ತಿತ್ತು. ಹೌದು ಎಂದೆ. ಅದೇ ದಿನ ನನ್ನನ್ನು ಮನೆಗೆ ಕಳಿಸಿದರು.

ಆ ವಾರವೇ ನಿನಗೆ ಬರೆದು, ಹಾಳೆಯನ್ನು ಓದಿಸಿಕೊಂಡರೇ, ಇದ್ದದ್ದು ಇದ್ದ ಹಾಗೆ ಹೇಳು ಎಂದು ಕೇಳಿದೆ. ನೀನು ನಿಜ ಬರೆಯುತ್ತೀಯ ಎಂದು ಕಾದೆ. ಕೆಲಸ ಹೋದದ್ದಕ್ಕೆ ನಾನು ಅಷ್ಟು ಅತ್ತಿರಲಿಲ್ಲ, ನಿನ್ನ ಜನವರಿಯ ಕಾಗದ ಓದಿ ಅತ್ತೆ. ಅಕ್ಕ ಹೆದರಿ ಡಾಕ್ಟರನ್ನು ಕರೆಸುತ್ತೇನೆ ಎಂದಳು.

ಕಾಲೇಜಿಗೆ ಬರೆಯಲೇ ಎಂದು ಕೇಳಿದ್ದೀಯ. ಕೇಳುವಂತೆ ಕಾಣುತ್ತದೆ, ಆದರೆ ನಿನಗೆ ಬೇಕಾಗಿರುವುದು ‘ಬೇಡ’ ಎಂಬ ನನ್ನ ಮಾತು. ನೀನು ಬರೆದುಕೊಂಡು ಬಂದದ್ದಕ್ಕೆ ಒಮ್ಮೆ ಸಹಿ ಹಾಕಿದೆ. ಇನ್ನೊಮ್ಮೆ ಹಾಕುವುದಿಲ್ಲ. ಬರಿ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಅದು ನಿನ್ನದು.

ಕ್ಷಮಿಸಿದ್ದೇನೆ ಎಂದು ಬರೆಯಲು ಈ ವಾರ ಮೂರು ಸಲ ಕೂತೆ. ಆಗಲಿಲ್ಲ. ಆಗದ್ದನ್ನು ಆಯಿತು ಎಂದು ಬರೆಯುವುದು ಬೇಡ ಅನ್ನಿಸಿತು. ಆದ ದಿನ ತಿಳಿಸುತ್ತೇನೆ. ಅಲ್ಲಿಯವರೆಗೆ ನೀನು ಕಾಗದ ಬರೆಯುವುದನ್ನು ಮಾತ್ರ ನಿಲ್ಲಿಸಬೇಡ, ಈಗ ನನಗೆ ಕಾಯುವುದಕ್ಕೆ ಬೇರೆ ಏನೂ ಇಲ್ಲ.

ನಿನ್ನ ಮೇಷ್ಟ್ರು